ಹೂ ಫ್ರೇಮ್ಡ್ ರೋಜರ್ ರ‍್ಯಾಬಿಟ್: ಪದೇ ಪದೇ ಕೇಳುವ ಪ್ರಶ್ನೆಗಳು

ನಟರ ಜೊತೆ ಕಾರ್ಟೂನ್ ಪಾತ್ರಗಳು ಓಡಾಡುವ ಈ ಪತ್ತೇದಾರಿ ಚಿತ್ರ ನೋಡಿದವರು ಸಾಮಾನ್ಯವಾಗಿ ಎರಡು ವಿಷಯ ಕೇಳುತ್ತಾರೆ: ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಇದನ್ನು ಹೇಗೆ ಮಾಡಿದರು, ಮತ್ತು ನಾವು ಮಾಡಿದರೆ ಯಾಕೆ ಸ್ಟಿಕ್ಕರ್ ಅಂಟಿಸಿದ ಹಾಗೆ ಕಾಣುತ್ತದೆ. ಎರಡಕ್ಕೂ ಉತ್ತರ ಒಂದೇ ಕಡೆ ಇದೆ, ಅದು ಮುಂದೆ ಬರುತ್ತದೆ. ಕೊಲೆಗಾರ ಯಾರೆಂಬ ಗುಟ್ಟು ಒಂದೇ ಒಂದು ಉತ್ತರದಲ್ಲಿದೆ. ಅಲ್ಲಿ ಎಚ್ಚರಿಕೆ ಕೊಟ್ಟಿದ್ದೇವೆ.

ಕತೆ ಏನು?

1947ರ ಲಾಸ್ ಏಂಜಲೀಸ್. ಕಾರ್ಟೂನ್ ಪಾತ್ರಗಳು, ಅಂದರೆ ಚಿತ್ರದ ಭಾಷೆಯಲ್ಲಿ 'ಟೂನ್'ಗಳು, ಅಲ್ಲಿ ನಿಜವಾಗಿಯೂ ಬದುಕಿವೆ. ಸ್ಟುಡಿಯೊಗಳಲ್ಲಿ ದುಡಿಯುತ್ತವೆ, ಪಕ್ಕದ ಟೂನ್‌ಟೌನ್‌ನಲ್ಲಿ ವಾಸ ಮಾಡುತ್ತವೆ. ಖಾಸಗಿ ಪತ್ತೇದಾರ ಎಡ್ಡಿ ವೇಲಿಯಂಟ್‌ಗೆ ಟೂನ್‌ಗಳೆಂದರೆ ಆಗದು. ಅವನ ಸೋದರನ ತಲೆಯ ಮೇಲೆ ಪಿಯಾನೊ ಕೆಡವಿ ಕೊಂದದ್ದು ಒಂದು ಟೂನ್. ಅಂದಿನಿಂದ ಅವನು ಬಾಟಲಿಗೆ ಶರಣು. ಮರೂನ್ ಸ್ಟುಡಿಯೊದ ಮಾಲೀಕ ಅವನಿಗೆ ಒಂದು ಚಿಲ್ಲರೆ ಕೆಲಸ ಕೊಡುತ್ತಾನೆ: ನಟ ರೋಜರ್ ಮೊಲ ಹೆಂಡತಿಯ ಮೇಲಿನ ಅನುಮಾನದಲ್ಲಿ ಕೆಲಸ ಕೆಡಿಸುತ್ತಿದ್ದಾನೆ, ಆ ಹೆಂಡತಿ ಜೆಸ್ಸಿಕಾಳ ಫೋಟೊ ತೆಗೆದು ತಾ. ಫೋಟೊದಲ್ಲಿ ಅವಳು ಮಾರ್ವಿನ್ ಆಕ್ಮಿ ಎಂಬ ಶ್ರೀಮಂತನ ಜೊತೆ ಮಕ್ಕಳ ಚಪ್ಪಾಳೆ ಆಟ ಆಡುತ್ತಿರುತ್ತಾಳೆ. ಬೇರೇನೂ ಅಲ್ಲ, ಬರೀ ಚಪ್ಪಾಳೆ ಆಟ. ಟೂನ್‌ಗಳ ಲೋಕದಲ್ಲಿ ಅದೇ ದೊಡ್ಡ ದ್ರೋಹ! ಮರುದಿನ ಆಕ್ಮಿಯ ಹೆಣ ಸಿಗುತ್ತದೆ, ಅನುಮಾನ ಮೊಲದ ತಲೆಗೆ ಬರುತ್ತದೆ. ಆ ಮೊಲ ಬಂದು ಅಡಗುವುದು ಎಡ್ಡಿಯ ಮನೆಯಲ್ಲೇ.

ನಿರ್ದೇಶನ ರಾಬರ್ಟ್ ಝೆಮೆಕಿಸ್, ಅನಿಮೇಷನ್ ನಿರ್ದೇಶನ ರಿಚರ್ಡ್ ವಿಲಿಯಮ್ಸ್. ಎಡ್ಡಿಯಾಗಿ ಬಾಬ್ ಹಾಸ್ಕಿನ್ಸ್, ಟೂನ್‌ಟೌನ್‌ನ ನ್ಯಾಯಾಧೀಶ ಜಡ್ಜ್ ಡೂಮ್ ಆಗಿ ಕ್ರಿಸ್ಟೋಫರ್ ಲಾಯ್ಡ್, ರೋಜರ್‌ಗೆ ಧ್ವನಿ ಚಾರ್ಲ್ಸ್ ಫ್ಲೈಷರ್. ಜೆಸ್ಸಿಕಾಳ ಮಾತು ಕ್ಯಾಥ್ಲೀನ್ ಟರ್ನರ್ ಅವರದು, ಹಾಡು ಏಮಿ ಇರ್ವಿಂಗ್ ಅವರದು. ಅಮೆರಿಕದಲ್ಲಿ ತೆರೆಕಂಡದ್ದು 1988ರ ಜೂನ್ 22ರಂದು, ಅವಧಿ 104 ನಿಮಿಷ.

ಕಾದಂಬರಿ ಆಧರಿಸಿದ್ದಲ್ಲವೇ? ಎರಡಕ್ಕೂ ಎಷ್ಟು ಹೋಲಿಕೆ?

ಗ್ಯಾರಿ ಕೆ. ವುಲ್ಫ್ ಅವರ 1981ರ ಕಾದಂಬರಿಯೇ ಮೂಲ. ಆದರೆ ಹೋಲಿಕೆ ಕಡಿಮೆ. ಪುಸ್ತಕದಲ್ಲಿ ಇವರೆಲ್ಲ ಸಿನಿಮಾ ನಟರಲ್ಲ, ಪತ್ರಿಕೆಗಳ ಕಾಮಿಕ್ ಪಟ್ಟಿಯ ಪಾತ್ರಗಳು. ಮಾತಾಡಿದರೆ ತಲೆಯ ಮೇಲೆ ಅಕ್ಷರದ ಗುಳ್ಳೆ ಏಳುತ್ತದೆ. ರೋಜರ್ ಅಲ್ಲಿ ಸಾಯುತ್ತಾನೆ ಕೂಡ. 1947ರ ಕಾಲ, ಮುಂದೆ ಹೇಳುವ ರೈಲು, ರಸ್ತೆಯ ಸಂಚು ಎಲ್ಲವೂ ಚಿತ್ರಕತೆ ಬರೆದ ಜೆಫ್ರಿ ಪ್ರೈಸ್ ಮತ್ತು ಪೀಟರ್ ಸೀಮನ್ ತಂದದ್ದು. ಸಿನಿಮಾ ಮೆಚ್ಚಿ ಪುಸ್ತಕ ಹಿಡಿದವರಿಗೆ ಬೇರೆಯದೇ ಕತೆ ಸಿಗುತ್ತದೆ.

ಡಿಸ್ನಿ ಚಿತ್ರದಲ್ಲಿ ಬಗ್ಸ್ ಬನ್ನಿ ಹೇಗೆ ಬಂದ?

ನಿರ್ಮಾಣದಲ್ಲಿ ಸ್ಟೀವನ್ ಸ್ಪೀಲ್‌ಬರ್ಗ್ ಇದ್ದರು, ಬೇರೆ ಸ್ಟುಡಿಯೊಗಳ ಮನವೊಲಿಸಿದ್ದು ಅವರೇ. ವಾರ್ನರ್ ಬ್ರದರ್ಸ್ ಹಾಕಿದ ಷರತ್ತು ಇವತ್ತಿಗೂ ಚಿತ್ರದಲ್ಲಿ ಎದ್ದು ಕಾಣುತ್ತದೆ: ಬಗ್ಸ್ ಬನ್ನಿ ಮತ್ತು ಮಿಕ್ಕಿ ಮೌಸ್ ತೆರೆಯ ಮೇಲೆ ಇರುವ ಹೊತ್ತು ಸಮಸಮ ಇರಬೇಕು. ಅದಕ್ಕೇ ಎಡ್ಡಿ ಆಕಾಶದಿಂದ ಬೀಳುವಾಗ ಇಬ್ಬರೂ ಒಟ್ಟಿಗೇ ಬಂದು ಒಟ್ಟಿಗೇ ಹೋಗುತ್ತಾರೆ. ಡಾನಲ್ಡ್ ಮತ್ತು ಡ್ಯಾಫಿ ಬಾತುಗಳ ಪಿಯಾನೊ ಜುಗಲ್‌ಬಂದಿಯ ಲೆಕ್ಕವೂ ಅದೇ. ಕೊನೆಯಲ್ಲಿ ಪೋರ್ಕಿ ಪಿಗ್ ವಿದಾಯ ಹೇಳಿದರೆ ಪರದೆ ಕಪ್ಪು ಮಾಡುವುದು ಟಿಂಕರ್ ಬೆಲ್. ಬೆಟ್ಟಿ ಬೂಪ್, ಡ್ರೂಪಿ, ವುಡಿ ವುಡ್‌ಪೆಕರ್ ಸಿಕ್ಕರು. ಪಾಪೈ, ಟಾಮ್ ಮತ್ತು ಜೆರ್ರಿ ಸಿಗಲಿಲ್ಲ.

ತೆರೆಯ ಮೇಲೆ ಡಿಸ್ನಿ ಹೆಸರಿನ ಬದಲು ಟಚ್‌ಸ್ಟೋನ್ ಎಂದಿರುವುದೇಕೆ ಎಂದೂ ಕೇಳುತ್ತಾರೆ. ಕುಡಿತ, ಕೊಲೆ, ಜೆಸ್ಸಿಕಾಳ ಉಡುಪು, ಇವೆಲ್ಲ ಡಿಸ್ನಿ ಹೆಸರಿಗೆ ಹೊಂದುವುದಿಲ್ಲ ಎಂದು ಕಂಪನಿ ತನ್ನ ದೊಡ್ಡವರ ಚಿತ್ರಗಳ ವಿಭಾಗದಿಂದ ಬಿಡುಗಡೆ ಮಾಡಿತು.

ಟೂನ್‌ಗಳನ್ನು ಕಂಪ್ಯೂಟರಿನಲ್ಲಿ ಮಾಡಿದ್ದಲ್ಲವೇ?

ಅಲ್ಲ. ಎಲ್ಲವೂ ಕೈಯಲ್ಲಿ ಬರೆದು, ಸೆಲ್ ಎಂಬ ಪಾರದರ್ಶಕ ಹಾಳೆಯ ಮೇಲೆ ಬಣ್ಣ ತುಂಬಿ, ಆಪ್ಟಿಕಲ್ ಪ್ರಿಂಟರಿನಲ್ಲಿ ಫಿಲ್ಮಿನ ಮೇಲೆ ಫಿಲ್ಮ್ ಸೇರಿಸಿ ಮಾಡಿದ್ದು. ಅನಿಮೇಷನ್‌ನ ಫ್ರೇಮುಗಳೇ 82,000ಕ್ಕೂ ಹೆಚ್ಚು. ಬಹುಪಾಲು ಲಂಡನ್ನಿನ ಕ್ಯಾಮ್ಡನ್ ಟೌನ್‌ನಲ್ಲಿ ವಿಲಿಯಮ್ಸ್ ತಂಡ ಮಾಡಿತು, ಒಂದಷ್ಟು ಲಾಸ್ ಏಂಜಲೀಸ್ ಕಡೆಯ ಇನ್ನೊಂದು ತಂಡ ಮಾಡಿತು. ಜೋಡಣೆ ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಎಂಬ ಸ್ಪೆಷಲ್ ಎಫೆಕ್ಟ್ಸ್ ಕಂಪನಿಯದು.

ಒಂದು ಶಾಟ್ ಹೇಗೆ ತಯಾರಾಗುತ್ತಿತ್ತು?

ಮೊದಲು ನಟರ ಭಾಗದ ಚಿತ್ರೀಕರಣ. ಒಳಾಂಗಣ ಇಂಗ್ಲೆಂಡಿನ ಎಲ್‌ಸ್ಟ್ರೀ ಸ್ಟುಡಿಯೊದಲ್ಲಿ, ಹೊರಾಂಗಣ ಲಾಸ್ ಏಂಜಲೀಸ್‌ನಲ್ಲಿ. ಟೂನ್ ಬರುವ ಶಾಟ್‌ಗಳಿಗೆ ಮಾಮೂಲಿ 35 ಮಿ.ಮೀ. ಕ್ಯಾಮೆರಾ ಬಿಟ್ಟು ವಿಸ್ಟಾವಿಷನ್ ಬಳಸಿದರು. ಅದರಲ್ಲೂ ಓಡುವುದು ಅದೇ 35 ಮಿ.ಮೀ. ಫಿಲ್ಮೇ. ಆದರೆ ಅಡ್ಡಲಾಗಿ ಓಡುತ್ತದೆ, ಒಂದು ಫ್ರೇಮಿಗೆ 4ರ ಬದಲು 8 ರಂಧ್ರಗಳಷ್ಟು ಜಾಗ. ಫಿಲ್ಮನ್ನು ಪ್ರಿಂಟರಿನಲ್ಲಿ ಒಮ್ಮೆ ನಕಲು ಮಾಡಿದರೆ ಚಿತ್ರದ ಕಾಳು (ಗ್ರೇನ್) ದಪ್ಪವಾಗುತ್ತದೆ, ಕಪ್ಪು ಬಿಳುಪಿನ ಅಂತರ ಏರುತ್ತದೆ. ಹತ್ತಾರು ಪದರ ಸೇರಿಸಿದರೆ ಆ ಶಾಟ್ ಪಕ್ಕದ ಶಾಟಿಗಿಂತ ಒರಟಾಗಿ, ಇಲ್ಲೇನೋ ಟ್ರಿಕ್ ಇದೆ ಎಂದು ತಾನೇ ಹೇಳಿಬಿಡುತ್ತದೆ. ದೊಡ್ಡ ನೆಗೆಟಿವ್‌ನಿಂದ ಹೊರಟರೆ ಈ ಸವಕಳಿ ಕಣ್ಣಿಗೆ ಬೀಳುವುದಿಲ್ಲ.

ಸಂಕಲನ ಮುಗಿದ ಶಾಟಿನ ಪ್ರತಿ ಫ್ರೇಮನ್ನೂ ದೊಡ್ಡ ಕಪ್ಪು ಬಿಳುಪು ಪ್ರಿಂಟ್ ತೆಗೆದು ಅನಿಮೇಟರ್‌ಗೆ ಕೊಡುತ್ತಿದ್ದರು. ಅವರು ಅದನ್ನು ಹಾಳೆ ಅಲುಗದಂತೆ ಹಿಡಿಯುವ ಪೆಗ್‌ಗೆ ಸಿಕ್ಕಿಸಿ, ಮೇಲೆ ಕಾಗದ ಇಟ್ಟು ಪಾತ್ರ ಬರೆಯುವುದು. ಅನಿಮೇಷನ್‌ನಲ್ಲಿ ಒಂದು ಚಿತ್ರವನ್ನು ಎರಡು ಫ್ರೇಮಿಗೆ ಬಳಸಿ ಸೆಕೆಂಡಿಗೆ 12ರಲ್ಲಿ ಮುಗಿಸುವ ರೂಢಿ ಇದೆ. ಇಲ್ಲಿ ಅದು ನಡೆಯಲಿಲ್ಲ. ಕ್ಯಾಮೆರಾ ಚಲಿಸುವುದರಿಂದ ಹಿನ್ನೆಲೆ ಸೆಕೆಂಡಿಗೆ 24 ಸಲ ಬದಲಾಗುತ್ತದೆ. ಪಾತ್ರ 12 ಸಲ ಬದಲಾದರೆ ಅದರ ಕಾಲು ನೆಲದ ಮೇಲೆ ಜಾರುತ್ತದೆ. ಹಾಗಾಗಿ 24ಕ್ಕೆ 24.

ಇನ್ನು ಅಸಲಿ ಗುಟ್ಟು. ಸೆಲ್ ಮೇಲಿನ ಬಣ್ಣ ಚಪ್ಪಟೆ. ಅದಕ್ಕೆ ಮೈಕಟ್ಟು ಕೊಡಲು ಪ್ರತಿ ಚಿತ್ರಕ್ಕೂ ಬೇರೆ ಬೇರೆ ಮ್ಯಾಟ್, ಅಂದರೆ ಬೆಳಕು ಎಲ್ಲಿ ಹಾಯಬೇಕು ಎಲ್ಲಿ ಬೇಡ ಎಂದು ಗುರುತಿಸುವ ಆಕಾರ, ಬರೆದರು: ಮೈಮೇಲಿನ ನೆರಳಿನ ಭಾಗಕ್ಕೆ ಒಂದು, ಬೆಳಕು ಬೀಳುವ ಅಂಚಿಗೆ ಒಂದು, ನೆಲ ಗೋಡೆಗಳ ಮೇಲೆ ಬೀಳುವ ನೆರಳಿಗೆ ಒಂದು. ಇವನ್ನು ಪ್ರಿಂಟರಿನಲ್ಲಿ ಒಂದೊಂದಾಗಿ ಹಾಯಿಸಿ, ಅಂಚು ತುಸು ಮಸುಕು ಮಾಡಿ ಸೇರಿಸಿದಾಗ ಚಪ್ಪಟೆ ಮೊಲ ದುಂಡಗಾಯಿತು. ಜೆಸ್ಸಿಕಾಳ ಕೆಂಪು ಉಡುಪಿನ ಮಿನುಗಿಗೆ ಮಾಡಿದ ಉಪಾಯವಂತೂ ಅಡುಗೆಮನೆಯದು. ಪ್ಲಾಸ್ಟಿಕ್ ಚೀಲವನ್ನು ಉಕ್ಕಿನ ನಾರಿನಿಂದ ಗೀರಿ, ಆ ಗೀರುಗಳ ಮೂಲಕ ಬೆಳಕು ಹಾಯಿಸಿದರು. ಅವಳು ನಡೆದಂತೆ ಮಣಿಗಳು ಮಿಂಚಿ ಆರುತ್ತವೆ.

ಟೂನ್‌ಗಳ ಕೈಯಲ್ಲಿರುವ ಬಂದೂಕು, ತಟ್ಟೆ, ಸಿಗಾರ್ ನಿಜವೇ?

ಬಹುತೇಕ ನಿಜ. ಈ ಚಿತ್ರವನ್ನು ಗೆಲ್ಲಿಸಿದ್ದು ಚಿತ್ರಕಲೆಗಿಂತ ಹೆಚ್ಚಾಗಿ ಈ ವಸ್ತುಗಳೇ ಎಂಬುದು ನಮ್ಮ ಅಭಿಪ್ರಾಯ. ಡೂಮ್‌ನ ವೀಸಲ್ (ಮುಂಗುಸಿಯಂಥ ಪ್ರಾಣಿ) ಪಡೆ ಹಿಡಿದ ಬಂದೂಕುಗಳನ್ನು ತಂತಿಯಲ್ಲಿ ಇಳಿಬಿಟ್ಟು ಆಡಿಸಿದರು. ರೋಜರ್ ಜೊತೆ ನಟಿಸುವ ಮಗು ಟೂನ್ ಬೇಬಿ ಹರ್ಮನ್‌ನ ಸಿಗಾರ್ ಯಂತ್ರದ ತೋಳಿನ ತುದಿಯಲ್ಲಿತ್ತು. ಆ ತೋಳನ್ನು ಮುಚ್ಚುವಂತೆ ಮಗುವನ್ನು ಬರೆದರು. ಜೆಸ್ಸಿಕಾ ಹಾಡುವ ಇಂಕ್ ಅಂಡ್ ಪೇಂಟ್ ಕ್ಲಬ್ಬಿನ ಸೆಟ್ಟನ್ನು ನೆಲದಿಂದ ಎತ್ತರದಲ್ಲಿ ಕಟ್ಟಿ, ಕೆಳಗೆ ಗೊಂಬೆ ಆಡಿಸುವವರನ್ನು ನಿಲ್ಲಿಸಿದರು. ಅವರು ಸರಳಿನ ತುದಿಯಲ್ಲಿ ಟ್ರೇ ಹಿಡಿದು ಮೇಜುಗಳ ನಡುವೆ ಓಡಿಸಿದರು, ಸರಳಿನ ಜಾಗದಲ್ಲಿ ಆಮೇಲೆ ಮಾಣಿ ಪೆಂಗ್ವಿನ್ ಬಂತು. ಬೆನ್ನಿ ಎಂಬ ಟ್ಯಾಕ್ಸಿ ಟೂನ್ ಬರುವ ಕಡೆ ಹಾಸ್ಕಿನ್ಸ್ ಕೂತಿದ್ದು ಒಂದು ಗಿಡ್ಡ ಗಾಡಿಯಲ್ಲಿ, ಅದನ್ನು ನಿಜಕ್ಕೂ ಓಡಿಸುತ್ತಿದ್ದವನು ಹಿಂದೆ ಕೂತ ಸ್ಟಂಟ್ ಚಾಲಕ.

ಎಡ್ಡಿ ರೋಜರ್‌ನನ್ನು ಪಾತ್ರೆ ತೊಳೆಯುವ ಸಿಂಕಿನ ನೀರಿನಲ್ಲಿ ಅದುಮಿಡುವ ದೃಶ್ಯ ನಿಲ್ಲಿಸಿ ನಿಲ್ಲಿಸಿ ನೋಡಿ. ಚಿಮ್ಮುವ ನೀರು ನಿಜ, ಎಡ್ಡಿಯ ಒದ್ದೆ ತೋಳು ನಿಜ. ಮೊಲ ಮಾತ್ರ ಸುಳ್ಳು. ಮೂರರಲ್ಲಿ ಎರಡು ನಿಜವಿದ್ದರೆ ಕಣ್ಣು ಮೂರನೆಯದನ್ನೂ ನಂಬಿಬಿಡುತ್ತದೆ.

ಇಲ್ಲದ ಮೊಲದ ಜೊತೆ ಹಾಸ್ಕಿನ್ಸ್ ಹೇಗೆ ನಟಿಸಿದರು?

ರಿಹರ್ಸಲ್‌ಗೆ ರೋಜರ್ ಅಳತೆಯ ರಬ್ಬರ್ ಗೊಂಬೆ ಇತ್ತು. ಕ್ಯಾಮೆರಾ ಓಡುವಾಗ ಅದನ್ನು ತೆಗೆಯುತ್ತಿದ್ದರು. ಚಾರ್ಲ್ಸ್ ಫ್ಲೈಷರ್ ಮೊಲದ ವೇಷ ತೊಟ್ಟು ಕ್ಯಾಮೆರಾ ಪಕ್ಕದಲ್ಲೇ ನಿಂತು ಮಾತು ಹೇಳುತ್ತಿದ್ದರು, ಹಾಗಾಗಿ ಸಂಭಾಷಣೆಯ ಲಯ ಸಿಕ್ಕಿತು. ಹಾಸ್ಕಿನ್ಸ್ ತಮ್ಮ ಪುಟ್ಟ ಮಗಳು ಕಾಲ್ಪನಿಕ ಗೆಳೆಯರ ಜೊತೆ ಆಡುವುದನ್ನು ಗಮನಿಸಿ ಕಲಿತರು. ಕಷ್ಟ ಇರುವುದು ಎಲ್ಲಿ ನೋಡಬೇಕು ಎಂಬುದರಲ್ಲಲ್ಲ, ಎಷ್ಟು ದೂರದಲ್ಲಿ ನೋಡಬೇಕು ಎಂಬುದರಲ್ಲಿ. ಎರಡಡಿ ದೂರದ ಮೊಲವನ್ನು ನೋಡುವಾಗ ಎರಡೂ ಕಣ್ಣುಗುಡ್ಡೆ ಒಳಕ್ಕೆ ತಿರುಗಬೇಕು. ಅಲ್ಲಿ ಏನೂ ಇಲ್ಲದಿದ್ದರೆ ನೋಟ ಹಿಂದಿನ ಗೋಡೆಗೆ ಹೋಗಿ ನಿಲ್ಲುತ್ತದೆ, ಪ್ರೇಕ್ಷಕನಿಗೆ ತಕ್ಷಣ ತಿಳಿಯುತ್ತದೆ. ಹಾಸ್ಕಿನ್ಸ್ ನೋಟ ಹಾಗೆ ಗೋಡೆಗೆ ಹೋದದ್ದನ್ನು ಹುಡುಕಿ ತೆಗೆಯುವುದು ಕಷ್ಟ.

ತೂಗುವ ದೀಪದ ದೃಶ್ಯ ಯಾಕೆ ಅಷ್ಟು ಪ್ರಸಿದ್ಧಿ?

ಬಾರಿನ ಹಿಂದಿನ ಕೋಣೆಯಲ್ಲಿ ಎಡ್ಡಿ ಕೈಕೋಳ ಕತ್ತರಿಸಲು ಹೆಣಗುವಾಗ ಅವನ ತಲೆ ಮೇಲಿನ ದೀಪಕ್ಕೆ ತಾಗುತ್ತದೆ. ದೀಪ ತೂಗತೊಡಗುತ್ತದೆ. ಅಲ್ಲಿಂದ ಪ್ರತಿ ಫ್ರೇಮಿನಲ್ಲೂ ರೋಜರ್‌ನ ಮೈಮೇಲಿನ ನೆರಳು ಜಾಗ ಬದಲಿಸಬೇಕು, ನೆಲದ ನೆರಳು ಉದ್ದ ಗಿಡ್ಡ ಆಗಬೇಕು. ದೀಪ ಅಲುಗದಿದ್ದರೂ ಕತೆಗೆ ಕೊರತೆಯಿರಲಿಲ್ಲ. ಬೇಕಿಲ್ಲದ ಕಷ್ಟವನ್ನು ತಾವೇ ಮೈಮೇಲೆ ಎಳೆದುಕೊಂಡರು. ಆಮೇಲೆ ಡಿಸ್ನಿಯೊಳಗೆ 'ದೀಪಕ್ಕೆ ತಾಗಿಸು' ಎನ್ನುವುದೇ ಒಂದು ಮಾತಾಯಿತು: ಯಾರೂ ಕೇಳದಿದ್ದರೂ ಕೆಲಸವನ್ನು ಒಂದು ಕೈ ಮೇಲೆ ಮಾಡು ಎಂದು.

'ಡಿಪ್' ಎಂಬ ರಾಸಾಯನಿಕ ನಿಜವಾಗಿ ಇದೆಯೇ?

ಡಿಪ್ ಎಂದರೆ ಟೂನ್‌ಗಳನ್ನು ಕರಗಿಸಿ ಕೊಲ್ಲಲು ಡೂಮ್ ಬಳಸುವ ಮಿಶ್ರಣ. ಅದರಲ್ಲಿವೆ ಎಂದು ಚಿತ್ರ ಹೇಳುವ ಮೂರೂ ನಿಜವಾದ ದ್ರಾವಕಗಳು: ಟರ್ಪೆಂಟೈನ್, ಅಸಿಟೋನ್, ಬೆಂಜೀನ್. ಬಣ್ಣ ಕರಗಿಸುವುದೇ ಇವುಗಳ ಕೆಲಸ. ಆ ಕಾಲದ ಸೆಲ್ ಹಾಳೆ ನೈಟ್ರೇಟ್ ಅಥವಾ ಅಸಿಟೇಟ್‌ನದು, ಅಸಿಟೋನ್ ಎರಡನ್ನೂ ಕರಗಿಸುತ್ತದೆ. ಅಂದರೆ ಬಣ್ಣವೂ ಹೋಯಿತು, ಹಾಳೆಯೂ ಹೋಯಿತು. ಪಾತ್ರ ಸಾಯಲೇಬೇಕು! ಈ ಮಿಶ್ರಣ ಮನೆಯಲ್ಲಿ ಮಾಡಿ ನೋಡುವ ವಸ್ತುವಲ್ಲ. ಮೂರಕ್ಕೂ ಬೆಂಕಿ ಬೇಗ ಹತ್ತುತ್ತದೆ, ಬೆಂಜೀನ್ ಕ್ಯಾನ್ಸರ್‌ಕಾರಕ.

ರೆಡ್ ಕಾರ್ ರೈಲು ಮುಚ್ಚಿಸಿದ ಸಂಚು ನಿಜವೇ? (ಇಲ್ಲಿ ಕೊಲೆಗಾರನ ಗುಟ್ಟು ಇದೆ)

ಅರ್ಧ ನಿಜ. ಜಡ್ಜ್ ಡೂಮ್ ಕ್ಲೋವರ್‌ಲೀಫ್ ಎಂಬ ಕಂಪನಿಯ ಮೂಲಕ ರೆಡ್ ಕಾರ್ ಎಂಬ ವಿದ್ಯುತ್ ರೈಲು ಸೇವೆಯನ್ನು ಕೊಂಡು ಮುಚ್ಚಿಸಿ, ಟೂನ್‌ಟೌನ್ ನೆಲಸಮ ಮಾಡಿ ಫ್ರೀವೇ, ಅಂದರೆ ತಡೆಯಿಲ್ಲದ ವೇಗದ ಹೆದ್ದಾರಿ, ಹಾಕಲು ಹೊರಟಿರುತ್ತಾನೆ. ಆಕ್ಮಿಯನ್ನು ಕೊಂದವನೂ ಅವನೇ, ಎಡ್ಡಿಯ ಸೋದರನನ್ನು ಕೊಂದ ಟೂನ್ ಕೂಡ ಅವನೇ. ಎರಡನೇ ಸಲ ನೋಡುವವರು ಅವನ ಕಣ್ಣು ಗಮನಿಸಿ: ಲಾಯ್ಡ್ ಕ್ಯಾಮೆರಾ ಮುಂದೆ ರೆಪ್ಪೆ ಬಡಿಯುವುದಿಲ್ಲ.

ಇತಿಹಾಸಕ್ಕೆ ಬಂದರೆ, ಪೆಸಿಫಿಕ್ ಎಲೆಕ್ಟ್ರಿಕ್ ಕಂಪನಿಯ ರೆಡ್ ಕಾರ್ ಲಾಸ್ ಏಂಜಲೀಸ್ ಸುತ್ತ ನಿಜಕ್ಕೂ ಓಡುತ್ತಿತ್ತು, ಕೊನೆಯ ಮಾರ್ಗ ನಿಂತದ್ದು 1961ರಲ್ಲಿ. ಆದರೆ ಕತೆಯ ಕಾಲಕ್ಕೆ ಅದು ಸದರ್ನ್ ಪೆಸಿಫಿಕ್ ರೈಲ್ವೆಯ ಕೈಯಲ್ಲಿತ್ತು. ಜನರಲ್ ಮೋಟರ್ಸ್ ಮೊದಲಾದವರ ಬೆಂಬಲವಿದ್ದ ನ್ಯಾಷನಲ್ ಸಿಟಿ ಲೈನ್ಸ್ 1945ರಲ್ಲಿ ಹಿಡಿತಕ್ಕೆ ತೆಗೆದುಕೊಂಡದ್ದು ಇನ್ನೊಂದನ್ನು, ನಗರದೊಳಗೆ ಓಡುತ್ತಿದ್ದ ಹಳದಿ ಟ್ರಾಮ್‌ಗಳನ್ನು. 1949ರಲ್ಲಿ ಆ ಕಂಪನಿಗಳಿಗೆ ಶಿಕ್ಷೆಯೂ ಆಯಿತು. ಆರೋಪ ಮಾತ್ರ ಟ್ರಾಮ್ ನಾಶದ್ದಲ್ಲ, ಬಸ್ಸು ಮತ್ತು ಸರಕುಗಳ ಮಾರಾಟದಲ್ಲಿ ಏಕಸ್ವಾಮ್ಯಕ್ಕೆ ಕೂಡಿ ಸಂಚು ಮಾಡಿದ್ದು. ಜನರಲ್ ಮೋಟರ್ಸ್‌ಗೆ ಬಿದ್ದ ದಂಡ 5,000 ಡಾಲರ್. ಇನ್ನು ಫ್ರೀವೇ ಎಂಬುದೇ ಯಾರಿಗೂ ಗೊತ್ತಿಲ್ಲವೆಂಬಂತೆ ಡೂಮ್ ವರ್ಣಿಸುವುದು ನಾಟಕ, ಲಾಸ್ ಏಂಜಲೀಸ್‌ನಲ್ಲಿ ಅಂಥದೇ ಅರೋಯೊ ಸೆಕೊ ರಸ್ತೆ 1940ರಲ್ಲೇ ತೆರೆದಿತ್ತು.

ಕಾಲದ ತಪ್ಪುಗಳಿವೆಯೇ?

ಇವೆ. ರೋಡ್ ರನ್ನರ್ ಮೊದಲು ಬಂದದ್ದು 1949ರಲ್ಲಿ, ಕ್ಲಬ್ಬಿನ ಪೆಂಗ್ವಿನ್ ಮಾಣಿಗಳು 1964ರವು. 1947ರ ಕತೆಯಲ್ಲಿ ಇವರಿಗೆ ಜಾಗವಿಲ್ಲ. ಯಾರಿಗೂ ನಷ್ಟವಾದ ಹಾಗೆ ಕಾಣುವುದಿಲ್ಲ.

ಮಕ್ಕಳಿಗೆ ತೋರಿಸಬಹುದೇ?

ಅಮೆರಿಕದಲ್ಲಿ ಪಿಜಿ, ಅಂದರೆ ಹೆತ್ತವರು ನೋಡಿ ನಿರ್ಧರಿಸಬೇಕಾದ ಚಿತ್ರ. ತೀರಾ ಸಣ್ಣ ಮಕ್ಕಳಾದರೆ ಎರಡು ಕಡೆ ರಿಮೋಟ್ ಕೈಯಲ್ಲಿರಲಿ: ಮುದ್ದಾದ ಒಂದು ಶೂ ಟೂನನ್ನು ಡೂಮ್ ಡಿಪ್‌ನಲ್ಲಿ ಅದ್ದುವುದು, ಮತ್ತು ಕೊನೆಯಲ್ಲಿ ರೋಲರ್ ಕೆಳಗೆ ಸಿಕ್ಕ ಡೂಮ್ ಏಳುವುದು. ಹೆದರಿಸುವುದು ಹೆಚ್ಚಾಗಿ ಮೊದಲನೆಯದೇ, ಏಕೆಂದರೆ ಆ ಶೂ ಏನೂ ತಪ್ಪು ಮಾಡಿರುವುದಿಲ್ಲ.

ಪ್ರಶಸ್ತಿ, ಗಳಿಕೆ, ಮುಂದಿನ ಭಾಗ?

ಸಂಕಲನ, ವಿಷುವಲ್ ಎಫೆಕ್ಟ್ಸ್, ಸೌಂಡ್ ಎಫೆಕ್ಟ್ಸ್ ಎಡಿಟಿಂಗ್‌ಗೆ ಆಸ್ಕರ್, ಜೊತೆಗೆ ವಿಲಿಯಮ್ಸ್‌ಗೆ ವಿಶೇಷ ಸಾಧನೆಯ ಆಸ್ಕರ್. ಜಗತ್ತಿನಾದ್ಯಂತ ಗಳಿಕೆ ಸುಮಾರು 33 ಕೋಟಿ ಡಾಲರ್. 2016ರಲ್ಲಿ ಅಮೆರಿಕದ ರಾಷ್ಟ್ರೀಯ ಚಿತ್ರ ನೋಂದಣಿಗೆ ಸೇರಿತು. 1989, 1990, 1993ರಲ್ಲಿ ರೋಜರ್‌ನ ಮೂರು ಕಿರುಚಿತ್ರ ಬಂದವು. ಎರಡನೇ ಭಾಗಕ್ಕೆ ಚಿತ್ರಕತೆಗಳು ಸಿದ್ಧವಾದರೂ ಚಿತ್ರ ಆಗಲಿಲ್ಲ. ಹಾಸ್ಕಿನ್ಸ್ 2014ರಲ್ಲಿ, ವಿಲಿಯಮ್ಸ್ 2019ರಲ್ಲಿ ತೀರಿಕೊಂಡರು.

ಇಂಥ ಒಂದು ಶಾಟ್ ಮೊಬೈಲು, ಲ್ಯಾಪ್‌ಟಾಪಿನಲ್ಲಿ ಮಾಡಬಹುದೇ?

ಮಾಡಬಹುದು. ನಾಲ್ಕು ಸೆಕೆಂಡಿನ ಶಾಟ್ ಇಟ್ಟುಕೊಳ್ಳಿ: ಟೂನ್ ಬಂದು ಸೋಫಾ ಮೇಲೆ ಕೂರುತ್ತದೆ, ನಟ ತಿರುಗಿ ನೋಡುತ್ತಾನೆ.

1. ಮೊಬೈಲನ್ನು ಟ್ರೈಪಾಡಿಗೆ ಹಾಕಿ. ನಮ್ಮಲ್ಲಿ ಕರೆಂಟು 50 ಹರ್ಟ್ಸ್, ಆದ್ದರಿಂದ 25 ಎಫ್‌ಪಿಎಸ್ (ಸೆಕೆಂಡಿಗೆ 25 ಫ್ರೇಮ್), ಶಟರ್ 1/50 ಇಡಿ. ಇಲ್ಲದಿದ್ದರೆ ಟ್ಯೂಬ್‌ಲೈಟ್ ಮಿಣುಕುತ್ತದೆ. ಎಕ್ಸ್‌ಪೋಷರ್, ಫೋಕಸ್, ವೈಟ್ ಬ್ಯಾಲೆನ್ಸ್ ಮೂರನ್ನೂ ಲಾಕ್ ಮಾಡಿ.

2. ಮೂರು ಟೇಕ್ ತೆಗೆಯಿರಿ. ಮೊದಲು ಟೂನ್ ಎತ್ತರದ ಗೊಂಬೆ ಇಟ್ಟು, ಅದರ ನೆರಳು ಎತ್ತ ಬೀಳುತ್ತದೆ, ಎಷ್ಟು ಕಪ್ಪು ಎಂಬುದಕ್ಕೆ ಇದೇ ಆಧಾರ. ಆಮೇಲೆ ಗೊಂಬೆ ತೆಗೆದು ನಟನೊಂದಿಗೆ. ಕೊನೆಗೆ ಯಾರೂ ಇಲ್ಲದ ಖಾಲಿ ಕೋಣೆ, ಮುಂದಿನ ಹಂತದಲ್ಲಿ ಹೇಳುವ ದಾರ ಅಳಿಸಲು ಇದು ಬೇಕು.

3. ಸೋಫಾದ ದಿಂಬಿನ ಅಡಿಗೆ ಗಾಳದ ನೈಲಾನ್ ದಾರ ಹೊಲಿದು, ಮೆತ್ತೆಯ ಸಂದಿಯಿಂದ ಕೆಳಗೆ ತಂದು ಎಳೆಯಿರಿ. ಟೂನ್ ಕೂತ ಕ್ಷಣ ದಿಂಬು ತಗ್ಗಬೇಕು. ಇಡೀ ಶಾಟಿನ ಜೀವ ಇದೇ. ಸಮಯ ಕಡಿಮೆಯಿದ್ದರೆ ಚಿತ್ರದಲ್ಲಿ ರಾಜಿ ಮಾಡಿಕೊಳ್ಳಿ, ಇದರಲ್ಲಿ ಬೇಡ.

4. ವಿಡಿಯೊವನ್ನು ಫ್ರೇಮುಗಳಾಗಿ ಬಿಡಿಸಿ, ಕ್ರೀಟಾ ಅಥವಾ ಬ್ಲೆಂಡರ್‌ನಲ್ಲಿ ತೆರೆಯಿರಿ. ಎರಡೂ ಉಚಿತ. ಮೊದಲು ಕೂರುವ ಕ್ಷಣದ ಚಿತ್ರ ಬರೆಯಿರಿ, ಅದರ ಹಿಂದುಮುಂದಿನದು ಆಮೇಲೆ.

5. ಪದರಗಳು ಕೆಳಗಿನಿಂದ ಹೀಗೆ: ನೆಲದ ನೆರಳು, ಚಪ್ಪಟೆ ಬಣ್ಣ, ಮೈಮೇಲಿನ ನೆರಳು, ಬೆಳಕಿನ ಅಂಚು, ಗೆರೆ. ನೆರಳುಗಳನ್ನು ಕೆಳಗಿನದನ್ನು ಗಾಢ ಮಾಡುವ ಮಲ್ಟಿಪ್ಲೈ ಮೋಡ್‌ನಲ್ಲಿ 35ರಿಂದ 40 ಶೇಕಡಾ ಇಟ್ಟು ಶುರುಮಾಡಿ, ಗೊಂಬೆಯ ನೆರಳಿಗೆ ಹೋಲಿಸಿ ಸರಿಮಾಡಿ. ಬೆಳಕಿನ ಅಂಚಿಗೆ ತಿಳಿ ಮಾಡುವ ಸ್ಕ್ರೀನ್ ಮೋಡ್. ಕೊನೆಗೆ ಪಾತ್ರದ ಅಂಚನ್ನು ಒಂದೆರಡು ಪಿಕ್ಸೆಲ್ ಮಸುಕು ಮಾಡಿ, ವಿಡಿಯೊದಲ್ಲಿರುವಷ್ಟೇ ಗ್ರೇನ್ ಪಾತ್ರದ ಮೇಲೂ ಹಾಕಿ.

ಎಲ್ಲ ಮಾಡಿದರೂ ಅಂಟಿಸಿದ ಹಾಗೇ ಕಾಣುತ್ತಿದೆ. ಏನು ತಪ್ಪು?

ಹೆಚ್ಚಾಗಿ ಗೆರೆಯ ಕಪ್ಪು. ಮೊಬೈಲ್ ವಿಡಿಯೊದಲ್ಲಿ ಶುದ್ಧ ಕಪ್ಪು ಇರುವುದಿಲ್ಲ, ಅತಿ ಗಾಢ ಜಾಗವೂ ಸ್ವಲ್ಪ ಬೂದು ಅಥವಾ ಕಂದು. ಫ್ರೇಮಿನ ಅತಿ ಕಪ್ಪು ಜಾಗದಿಂದ ಬಣ್ಣ ಆರಿಸಿ ಅದನ್ನೇ ಗೆರೆಗೆ ಹಾಕಿ. ಬಿಳಿಗೂ ಇದೇ ನಿಯಮ.

ಪಾತ್ರ ತೇಲುತ್ತಿದ್ದರೆ ಪಾದದಡಿಯ ನೆರಳು ನೋಡಿ. ಪಾದ ನೆಲಕ್ಕೆ ತಾಗುವಲ್ಲಿ ನೆರಳು ಚೂಪಾಗಿ ಗಾಢವಾಗಿರಬೇಕು, ದೂರ ಹೋದಂತೆ ಮಸುಕಾಗಬೇಕು. ಎಲ್ಲ ಕಡೆ ಒಂದೇ ಮಸುಕು ಹಾಕಿದರೆ ಪಾತ್ರ ಗಾಳಿಯಲ್ಲಿ ನಿಲ್ಲುತ್ತದೆ. ಕೈಯಲ್ಲಿ ಹಿಡಿದು ತೆಗೆದ ಶಾಟ್ ಆಗಿದ್ದು ಪಾದ ಜಾರುತ್ತಿದ್ದರೆ ಒಂದು ಚಿತ್ರಕ್ಕೆ ಎರಡು ಫ್ರೇಮ್ ಬಳಸಿದ್ದೀರಿ ಎಂದರ್ಥ. ತುಟಿಯ ಚಲನೆ ಮಾತಿಗಿಂತ ಹಿಂದೆ ಬೀಳುತ್ತಾ ಹೋದರೆ ಮೊಬೈಲಿನ ಬದಲಾಗುವ ಫ್ರೇಮ್ ದರ ಕಾರಣ. ಬಿಡಿಸುವ ಮುನ್ನ ಹ್ಯಾಂಡ್‌ಬ್ರೇಕ್‌ನಂಥ ತಂತ್ರಾಂಶದಲ್ಲಿ ಸ್ಥಿರ 25ಕ್ಕೆ ಪರಿವರ್ತಿಸಿ.

ನಟನ ನೋಟ ತಪ್ಪಿದ್ದರೆ ಸಾಫ್ಟ್‌ವೇರ್‌ನಲ್ಲಿ ಪರಿಹಾರವಿಲ್ಲ. ಒಂದೋ ಟೂನನ್ನು ಆ ನೋಟ ಬೀಳುವ ಎತ್ತರಕ್ಕೆ ಏರಿಸಿ, ತುದಿಗಾಲಲ್ಲಿ ನಿಲ್ಲಿಸಿ ಅಥವಾ ಕುರ್ಚಿ ಹತ್ತಿಸಿ, ಇಲ್ಲವೇ ಮತ್ತೆ ಶೂಟ್ ಮಾಡಿ. ಮುಂದಿನ ಸಲ ಕಡ್ಡಿಯ ತುದಿಗೆ ಬಣ್ಣದ ಟೇಪ್ ಸುತ್ತಿ ಯಾರಾದರೂ ಹಿಡಿದಿರಲಿ, ಖಾಲಿ ಕೋಣೆಯ ಟೇಕ್ ಬಳಸಿ ಕಡ್ಡಿ ಅಳಿಸಬಹುದು.

ಎಷ್ಟು ಕೆಲಸ ಹಿಡಿಯುತ್ತದೆ?

ನಾಲ್ಕು ಸೆಕೆಂಡ್ ಅಂದರೆ 100 ಫ್ರೇಮ್. ಕ್ಯಾಮೆರಾ ಅಲುಗದಿದ್ದರೆ ಎರಡು ಫ್ರೇಮಿಗೆ ಒಂದರಂತೆ 50 ಚಿತ್ರ ಸಾಕು, ಐದೈದು ಪದರ ಸೇರಿ 250. ಕ್ಯಾಮೆರಾ ಚಲಿಸಿದರೆ 500. ಮೊದಲ ಪ್ರಯತ್ನಕ್ಕೆ ಎರಡೇ ಸೆಕೆಂಡಿನ ಶಾಟ್ ಆರಿಸಿ, ಟೂನ್ ಸೋಫಾ ಹಿಂದಿನಿಂದ ಬರುವಂತೆ ಮಾಡಿ. ಅರ್ಧ ಮೈ ಮರೆಯಲ್ಲಿದ್ದರೆ ಪಾದವನ್ನೂ ಬರೆಯಬೇಕಿಲ್ಲ, ಪಾದದ ನೆರಳನ್ನೂ ಬರೆಯಬೇಕಿಲ್ಲ.